ಪವರ್ ಸಿಸ್ಟಮ್ ಬೇಸಿಕ್ಸ್ ವಾರಾಂತ್ಯದ ಕೋರ್ಸ್: ಡಿಸ್ಪ್ಯಾಚ್ ಮೇಷ್ಟ್ರಿಗೆ ಪೂರ್ತಿ ಅಂಕ, ಲ್ಯಾಬಿಗೆ ಪಾಸ್ ಮಾರ್ಕು

ಮೊದಲೇ ಹೇಳಿಬಿಡುತ್ತೇನೆ. ರಾಜ್ಯಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ, ಯಾರು ಲೆಕ್ಕ ಇಡ್ತಾರೆ, ಮುಂದಿನ ಹತ್ತು ವರ್ಷಕ್ಕೆ ಏನು ಕಟ್ಟಬೇಕು ಅಂತ ಹೇಗೆ ತೀರ್ಮಾನ ಮಾಡ್ತಾರೆ, ಇದೆಲ್ಲ ತಿಳಿಯುವ ಆಸೆ ಇದ್ದರೆ ಈ ಕೋರ್ಸಿಗೆ ಕಣ್ಣು ಮುಚ್ಚಿಕೊಂಡು ಸೇರಿ. ನಾಳೆ ಬೆಳಿಗ್ಗೆ ನಿಮ್ಮ ಬಿಲ್ಡಿಂಗಿನ ಪ್ಯಾನೆಲ್ ರೂಮಿನಲ್ಲಿ ಏನು ಬದಲಾಯಿಸಬೇಕು ಅನ್ನೋದಷ್ಟೇ ಬೇಕಿದ್ದರೆ ಸ್ವಲ್ಪ ಯೋಚನೆ ಮಾಡಿ. ಆ ಭಾಗ ಇದೆ, ಆದರೆ ಉಪ್ಪಿನಕಾಯಿಯಷ್ಟೇ ಇದೆ.

ನಾನು ಔಟರ್ ರಿಂಗ್ ರೋಡಿನ ಒಂದು ಟೆಕ್ ಪಾರ್ಕಿನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಓದಿದ್ದು ಡಿಪ್ಲೊಮಾ. ಹೆಚ್‌ಟಿ (ಹೈ ಟೆನ್ಷನ್) ಪ್ಯಾನೆಲ್, ಟ್ರಾನ್ಸ್‌ಫಾರ್ಮರ್, ಡಿಜಿ (ಡೀಸೆಲ್ ಜನರೇಟರ್), ಯುಪಿಎಸ್ ಇವುಗಳ ಮಧ್ಯೆಯೇ ಜೀವನ. ಮೀಟರಿನಿಂದ ಈಚೆಗೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು. ಮೀಟರಿನಿಂದ ಆಚೆಗೆ ಕೇಳಿದರೆ ಪಾಲಿಟೆಕ್ನಿಕ್ ಪುಸ್ತಕದ ಒಂದು ಸಿಂಗಲ್ ಲೈನ್ ಡಯಾಗ್ರಾಮ್ ನೆನಪಿಗೆ ಬರ್ತಿತ್ತು, ಅಷ್ಟೇ. ಅದಕ್ಕೇ ಸೇರಿದ್ದು.

ಕೋರ್ಸ್ ನಡೆಸುವವರ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಕೆಳಗೆ ದೂರುಗಳೂ ಇವೆ. ರಾಜಾಜಿನಗರದ ಕಡೆ ಒಂದು ಸಣ್ಣ ಖಾಸಗಿ ತರಬೇತಿ ಕೇಂದ್ರ ಅಂದುಕೊಳ್ಳಿ. ಶನಿವಾರ, ಭಾನುವಾರ ಕ್ಲಾಸು. ಫೀಸು ಜಿಎಸ್‌ಟಿ ಸೇರಿ 20 ಸಾವಿರದ ಹತ್ತಿರ ಬರುತ್ತೆ. ನಮ್ಮ ಬ್ಯಾಚಿನಲ್ಲಿ ಕಂಟ್ರಾಕ್ಟರುಗಳು, ಸೋಲಾರ್ ಕಂಪನಿಯ ಹುಡುಗರು, ಇಬ್ಬರು ಎಂ.ಟೆಕ್ ಹುಡುಗಿಯರು, ಒಬ್ಬರು ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ, ಎಲ್ಲ ಇದ್ದರು. ಪಾಠ ಕನ್ನಡ, ಇಂಗ್ಲಿಷ್ ಬೆರೆಸಿ. ಇದು ನನಗೆ ದೊಡ್ಡ ಪ್ಲಸ್. ಲೋಡ್ ಫ್ಲೋ, ಅಂದರೆ ಯಾವ ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತೆ ಅನ್ನೋ ಲೆಕ್ಕವನ್ನ ಕನ್ನಡದಲ್ಲಿ ಒಬ್ಬರು ಕೂತು ವಿವರಿಸಿದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಕೇಳಿದ್ದು.

ಇಡೀ ಕೋರ್ಸಿನ ಪ್ರಾಣ ಅಂದರೆ ಲೋಡ್ ಡಿಸ್ಪ್ಯಾಚ್‌ನಲ್ಲಿ, ಅಂದರೆ ಯಾವ ಸ್ಥಾವರ ಯಾವಾಗ ಎಷ್ಟು ಕರೆಂಟ್ ಕೊಡಬೇಕು ಅಂತ ನೋಡಿಕೊಳ್ಳುವ ಕಂಟ್ರೋಲ್ ರೂಮಿನಲ್ಲಿ, ಶಿಫ್ಟ್ ಮಾಡಿ ನಿವೃತ್ತರಾದ ಮೇಷ್ಟ್ರು. ಸ್ಲೈಡು ಮುಟ್ಟಲ್ಲ. ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಅಡ್ಡಕ್ಕೆ 24 ಗಂಟೆ, ಉದ್ದಕ್ಕೆ ಮೆಗಾವ್ಯಾಟ್ ಬರೆದು, ಒಂದು ಲೋಡ್ ಕರ್ವ್ (ಯಾವ ಹೊತ್ತಿಗೆ ಎಷ್ಟು ಬಳಕೆ ಅನ್ನೋ ಗೆರೆ) ಬಿಡಿಸಿದರೆ ಆ ಕರ್ವ್ ಕೋರ್ಸ್ ಮುಗಿಯುವ ತನಕ ಬೋರ್ಡ್ ಬಿಟ್ಟು ಹೋಗಲ್ಲ. ಪವರ್‌ಹೌಸ್ ಎಷ್ಟು ದೊಡ್ಡದು ಅನ್ನೋ ಪ್ರಶ್ನೆಗೆ ಅವರು ಉತ್ತರವೇ ಕೊಡಲ್ಲ. ‘ಯಾವ ಹೊತ್ತಿಗೆ ಹೇಳಿ’ ಅಂತಾರೆ. ಮೊದಮೊದಲು ಕಿರಿಕಿರಿ ಆಗುತ್ತೆ. ಆಮೇಲೆ ನಮಗೂ ಅದೇ ಚಾಳಿ ಹತ್ತಿಕೊಳ್ಳುತ್ತೆ.

ಮೊದಲ ಪಾಠವನ್ನೇ ಶಿವನಸಮುದ್ರದಿಂದ ಶುರು ಮಾಡಿದರು. 1902ರಲ್ಲಿ ಕಾವೇರಿ ಮೇಲೆ ಪವರ್‌ಹೌಸ್ ಶುರುವಾಯಿತು, ಕರೆಂಟ್ ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್ ಚಿನ್ನದ ಗಣಿಗೆ. ಇದು ನಮಗೆಲ್ಲ ಸ್ಕೂಲಿನಲ್ಲೇ ಹೇಳಿಕೊಟ್ಟಿದ್ದು. ಬೆಂಗಳೂರಿಗೆ ಬೀದಿ ದೀಪ ಬಂದಿದ್ದು 1905ರಲ್ಲಿ, ಅದೂ ಗೊತ್ತು. ಆದರೆ ಹತ್ತಿರದಲ್ಲಿ ಮೈಸೂರು, ಬೆಂಗಳೂರು ಇರುವಾಗ ಮೊದಲು ಗಣಿಗೇ ಯಾಕೆ ಕೊಟ್ಟರು ಅಂತ ಯಾರೂ ಹೇಳಿರಲಿಲ್ಲ. ಗಣಿ ದುಡ್ಡು ಕೊಡುವ ಗಿರಾಕಿ ಅನ್ನೋದು ಒಂದು. ಇನ್ನೊಂದು ಕಾರಣ ಲೋಡಿನ ಗುಣ. ಗಣಿಯಲ್ಲಿ ಪಂಪು, ಹಾಯಿಸ್ಟು, ಕಂಪ್ರೆಸರು ಹಗಲು ರಾತ್ರಿ ಓಡುತ್ತವೆ. ಹೊಳೆಯೂ ಹಗಲು ರಾತ್ರಿ ಹರಿಯುತ್ತೆ. ಎರಡೂ ಸರಿಯಾಗಿ ಹೊಂದಿಕೆ. ಅದೇ ಬರೀ ದೀಪಕ್ಕೆ ಅಂತ ಕಟ್ಟಿದ್ದರೆ ಸಂಜೆ ನಾಲ್ಕಾರು ಗಂಟೆ ಬಿಟ್ಟು ಮಿಕ್ಕ ಹೊತ್ತು ಮಷಿನ್ ಸುಮ್ನೆ ನಿಂತಿರಬೇಕಿತ್ತು. ಇದಕ್ಕೇ ಲೋಡ್ ಫ್ಯಾಕ್ಟರ್ ಅನ್ನೋದು: ಸರಾಸರಿ ಲೋಡನ್ನು ಪೀಕ್ ಲೋಡಿನಿಂದ ಭಾಗಿಸಿದರೆ ಬರುವ ಅಂಕಿ. ಡಿಪ್ಲೊಮಾದಲ್ಲಿ ಎರಡು ಮಾರ್ಕಿಗೆ ಬರೆದು ಮರೆತಿದ್ದ ಫಾರ್ಮುಲಾ ಇಲ್ಲಿ ಒಂದು ರಾಜ್ಯದ ವ್ಯವಹಾರ ಆಗಿ ನಿಂತಿತ್ತು.

ಅಲ್ಲಿಂದ ಡೈವರ್ಸಿಟಿಗೆ ಬಂದರು. ಅಸೋಸಿಯೇಷನ್ ಸೆಕ್ರೆಟರಿಯವರನ್ನೇ ಎಬ್ಬಿಸಿ ‘ಸಾರ್, ನಿಮ್ಮಲ್ಲಿ 200 ಮನೆ, ಮನೆಗೆ 5 ಕಿಲೋವ್ಯಾಟ್, ಟ್ರಾನ್ಸ್‌ಫಾರ್ಮರ್ ಎಷ್ಟು ಬೇಕು?’ ಅಂದರು. 200ನ್ನು 5ರಿಂದ ಗುಣಿಸಿದರೆ 1,000 ಕಿಲೋವ್ಯಾಟ್. ಎಲ್ಲರೂ ಅದನ್ನೇ ಹೇಳಿದರು. ಆದರೆ ಎಲ್ಲ ಮನೆಯ ಗೀಸರೂ ಒಂದೇ ನಿಮಿಷಕ್ಕೆ ಆನ್ ಆಗಲ್ಲ ಅಲ್ವಾ? ಒಟ್ಟು ಪೀಕ್ 400 ಕಿಲೋವ್ಯಾಟ್ ಬಂದರೆ, 1,000ವನ್ನು 400ರಿಂದ ಭಾಗಿಸಿ, ಡೈವರ್ಸಿಟಿ ಫ್ಯಾಕ್ಟರ್ 2.5. ಸರಿ, ಇಷ್ಟು ಪುಸ್ತಕದಲ್ಲೂ ಇದೆ. ಮೇಷ್ಟ್ರು ಮುಂದಕ್ಕೆ ಹೋಗಿ, ಈಗ ಅದೇ ಬೇಸ್‌ಮೆಂಟಿನಲ್ಲಿ 80 ಎಲೆಕ್ಟ್ರಿಕ್ ಕಾರು ನಿಲ್ಲಿಸಿ ಅಂದರು. ಎಲ್ಲರೂ ಆಫೀಸಿನಿಂದ ಬರೋದು ಒಂದೇ ಹೊತ್ತಿಗೆ. ಬಂದ ತಕ್ಷಣ ಪ್ಲಗ್ ಹಾಕ್ತಾರೆ. ಒಂದೊಂದೂ 3.3 ಕಿಲೋವ್ಯಾಟ್ ಅಂದರೂ 264 ಕಿಲೋವ್ಯಾಟ್ ಒಟ್ಟಿಗೆ, ಅದೂ ಸಂಜೆ ಪೀಕಿನ ಮೇಲೆ ಬಂದು ಕೂರುತ್ತೆ. ಗೀಸರಿನ ಡೈವರ್ಸಿಟಿ ಕಾರಿಗೆ ಬರಲ್ಲ. ಸೆಕ್ರೆಟರಿಯವರು ಅವತ್ತು ಊಟದ ಹೊತ್ತಿನಲ್ಲಿ ಯಾರಿಗೋ ಫೋನ್ ಮಾಡಿ ಜೋರಾಗಿ ಮಾತಾಡ್ತಿದ್ದರು.

ಪ್ಲಾನಿಂಗ್ ಭಾಗವನ್ನು ಇನ್ನೊಬ್ಬರು ಮಾಡಿದರು. ವಯಸ್ಸು ಕಮ್ಮಿ, ತಯಾರಿ ಚೆನ್ನಾಗಿತ್ತು. ವರ್ಷಕ್ಕೆ ಶೇ. 7ರಂತೆ ಬೇಡಿಕೆ ಬೆಳೆದರೆ ಹತ್ತು ವರ್ಷದಲ್ಲಿ ಎರಡರಷ್ಟಾಗುತ್ತೆ. ಸ್ಥಾವರ, ಲೈನು ಕಟ್ಟೋದಕ್ಕೆ ಜಾಗ, ಅನುಮತಿ, ಕೆಲಸ ಎಲ್ಲ ಸೇರಿ ವರ್ಷಗಟ್ಟಲೆ ಹಿಡಿಯುತ್ತೆ. ಹಾಗಾಗಿ ಇವತ್ತು ಬೇಕಾಗಿದ್ದನ್ನು ಇವತ್ತು ಯೋಚನೆ ಮಾಡೋ ಹಾಗೇ ಇಲ್ಲ. ಕಮ್ಮಿ ಕಟ್ಟಿದರೆ ಲೋಡ್ ಶೆಡ್ಡಿಂಗ್. ಜಾಸ್ತಿ ಕಟ್ಟಿದರೆ ಓಡದ ಸ್ಥಾವರಕ್ಕೂ ಫಿಕ್ಸೆಡ್ ಚಾರ್ಜ್ ಕಟ್ಟಬೇಕು, ಅದು ಕೊನೆಗೆ ನಮ್ಮ ನಿಮ್ಮ ಬಿಲ್ಲಿಗೇ ಬಂದು ಬೀಳುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಆಗಾಗ ಎಲೆಕ್ಟ್ರಿಕ್ ಪವರ್ ಸರ್ವೇ ಅಂತ ಬೇಡಿಕೆಯ ಅಂದಾಜು ಮಾಡುತ್ತಲ್ಲ, ಅದನ್ನು ಓದೋದು ಹೇಗೆ ಅಂತ ಪುಟ ತೆಗೆದು ತೋರಿಸಿದರು.

ನಮ್ಮ ರಾಜ್ಯದ ಪಟ್ಟಿ ಬೋರ್ಡಿಗೆ ಬಂದಾಗ ಕ್ಲಾಸು ಎದ್ದು ಕೂತಿತು. ಶರಾವತಿ 1,035 ಮೆಗಾವ್ಯಾಟ್, 103.5ರ ಹತ್ತು ಮಷಿನು. ವಾರಾಹಿ 460. ರಾಯಚೂರು ಥರ್ಮಲ್ 1,720. ಬಳ್ಳಾರಿ 1,700. ಯರಮರಸ್ 800ರ ಎರಡು ಯೂನಿಟ್. ಕೈಗಾ 220ರ ನಾಲ್ಕು. ಪಾವಗಡ ಸೋಲಾರ್ ಪಾರ್ಕ್ 2,050. ಈಗ ಪ್ರಶ್ನೆ ಬಂತು: ಇದನ್ನೆಲ್ಲ ಸುಮ್ನೆ ಕೂಡಿಸಿ ರಾಜ್ಯದ ಶಕ್ತಿ ಇಷ್ಟು ಅಂತ ಹೇಳಬಹುದಾ? ಪೇಪರಿನವರು ಹಾಗೇ ಕೂಡಿಸ್ತಾರೆ. ಸಂಜೆ ಏಳೂವರೆಗೆ ಪಾವಗಡ ಸೊನ್ನೆ. ಮಳೆ ಕೈಕೊಟ್ಟ ವರ್ಷ ಶರಾವತಿ ಮಷಿನು ಇದ್ದರೂ ನೀರಿಲ್ಲ. ಕೈಗಾ ಮಾತ್ರ ಹಗಲು ರಾತ್ರಿ ಒಂದೇ ಸಮನೆ ಓಡುತ್ತೆ, ಆದರೆ ಅದರ ಕರೆಂಟ್ ಪೂರ್ತಿ ನಮ್ಮದಲ್ಲ, ಅಕ್ಕಪಕ್ಕದ ರಾಜ್ಯಗಳಿಗೂ ಪಾಲಿದೆ.

2023ನ್ನೇ ಉದಾಹರಣೆಗೆ ತಗೊಂಡರು. ಮುಂಗಾರು ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ. ಸಾಮಾನ್ಯವಾಗಿ ಆ ತಿಂಗಳುಗಳಲ್ಲಿ ಮಳೆ ಇರೋದರಿಂದ ಪಂಪ್‌ಸೆಟ್ ಬಳಕೆ ಕಮ್ಮಿ. ಆ ವರ್ಷ ಬೆಳೆ ಒಣಗ್ತಾ ಇದೆ ಅಂತ ರೈತರು ಪಂಪು ಹಾಕಿದರು. ಅಂದರೆ ಒಂದೇ ಬರ, ಎರಡು ಕಡೆಯಿಂದ ಹೊಡೆತ: ಉತ್ಪಾದನೆ ಇಳಿಯಿತು, ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ಸರ್ಕಾರ 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಹಿಡಿದು ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಕರೆಂಟನ್ನು ಇಲ್ಲೇ ಕೊಡಬೇಕು ಅಂದಿತು. ಪಂಜಾಬ್, ಉತ್ತರ ಪ್ರದೇಶಗಳ ಜೊತೆ ವಿನಿಮಯ ಒಪ್ಪಂದವೂ ಆಯಿತು, ಈಗ ನೀವು ಕೊಡಿ, ಆಮೇಲೆ ನಾವು ಕೊಡ್ತೀವಿ ಅನ್ನೋ ಥರ. ಪ್ಲಾನಿಂಗ್‌ನಲ್ಲಿ ಎರಡು ತೊಂದರೆ ಒಟ್ಟಿಗೆ ಬರೋದನ್ನು ಲೆಕ್ಕ ಹಾಕಬೇಕು ಅಂತ ನೂರು ಸಲ ಹೇಳೋದಕ್ಕಿಂತ ಈ ಒಂದು ವರ್ಷ ಸಾಕು. ಈ ಪಾಠ ನಡೀತಿದ್ದಾಗ ಯಾರೂ ಫೋನ್ ನೋಡಲಿಲ್ಲ, ಇದು ಇವತ್ತಿನ ಕಾಲದಲ್ಲಿ ಸಣ್ಣ ಮಾತಲ್ಲ.

ಅದೇ ದಿನ ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಚರ್ಚೆ ಎದ್ದಿತು. ಹಗಲು ಸೋಲಾರ್ ಜಾಸ್ತಿ ಇದ್ದಾಗ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಸಂಜೆ ಬಿಟ್ಟು ಕರೆಂಟ್ ತೆಗೆಯುವ 2,000 ಮೆಗಾವ್ಯಾಟಿನ ಯೋಜನೆ. ಸೋಲಾರ್ ಕಂಪನಿ ಹುಡುಗರು ಪರ. ಸಾಗರದ ಕಡೆಯವರೊಬ್ಬರು ಇದ್ದರು, ಅವರು ಕಾಡು ಹೋಗುತ್ತೆ ಅಂತ ಖಾರವಾಗಿಯೇ ಮಾತಾಡಿದರು. ಮೇಷ್ಟ್ರು ಯಾರ ಪರವೂ ನಿಲ್ಲಲಿಲ್ಲ. ನಾನಾಗಿದ್ದರೆ ಒಂದು ಮಾತು ಹೇಳ್ತಿದ್ದೆ, ಆದರೆ ಅದು ಈ ರಿವ್ಯೂಗೆ ಸಂಬಂಧ ಇಲ್ಲ ಬಿಡಿ.

ಈಗ ಡಿಸ್ಪ್ಯಾಚ್. ಇದಕ್ಕೇ ನಾನು ಕೊಟ್ಟ ಫೀಸು ವಸೂಲಾಯಿತು.

ಮೇಷ್ಟ್ರ ಮೇಜಿನ ಮೇಲೆ ಒಂದು ಸಣ್ಣ ಡಿಜಿಟಲ್ ಫ್ರೀಕ್ವೆನ್ಸಿ ಮೀಟರು, ಗೋಡೆಯ ಮಾಮೂಲಿ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿದ್ದು. ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸುತ್ತು ಹಾಕುತ್ತೆ ಅಂತ ಹರ್ಟ್ಜ್‌ನಲ್ಲಿ ತೋರಿಸುವ ಕೆಂಪು ಅಂಕಿಗಳು: 49.98, 50.01, 49.96. ‘ಇದನ್ನ ನೋಡ್ತಾ ಇರಿ’ ಅಂತ ಹೇಳಿ ಪಾಠ ಶುರು. ರಾಜಾಜಿನಗರದ ಈ ಪ್ಲಗ್ಗಿನಲ್ಲಿ ಕಾಣೋ ಅಂಕಿಯೇ ಈ ಕ್ಷಣ ದಿಲ್ಲಿಯಲ್ಲೂ, ಗುವಾಹಟಿಯಲ್ಲೂ ಇರೋದು. ದಕ್ಷಿಣದ ಗ್ರಿಡ್ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದೇಶದ ಉಳಿದ ಗ್ರಿಡ್ಡಿಗೆ ಸೇರಿದ ಮೇಲೆ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ. ಬಳಕೆ ಉತ್ಪಾದನೆಗಿಂತ ಜಾಸ್ತಿ ಆದರೆ ಅಂಕಿ ಇಳಿಯುತ್ತೆ, ಮೂರು ಜನ ಕೂತ ಆಟೋ ಫ್ಲೈಓವರ್ ಹತ್ತುವಾಗ ಎಂಜಿನ್ ಭಾರ ತಾಳದೆ ನಿಧಾನ ಆಗುತ್ತಲ್ಲ, ಹಾಗೆ. ಬಳಕೆ ಕಮ್ಮಿಯಾದರೆ ಏರುತ್ತೆ. ಗ್ರಿಡ್ ಕೋಡ್ ಪ್ರಕಾರ ಇದು 49.90ರಿಂದ 50.05ರ ಮಧ್ಯೆ ಇರಬೇಕು. ತುಂಬಾ ಕೆಳಗೆ, 49.4ಕ್ಕೆ ಇಳಿದರೆ ರಿಲೇಗಳು (ತೊಂದರೆ ಕಂಡರೆ ತಾವಾಗಿಯೇ ಸ್ವಿಚ್ ಬಿಚ್ಚಿಸುವ ಸಾಧನಗಳು) ಯಾರನ್ನೂ ಕೇಳದೆ ಫೀಡರ್, ಅಂದರೆ ಒಂದೊಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನು, ಬಿಚ್ಚಲು ಶುರು ಮಾಡುತ್ತವೆ, ಅಲ್ಲಿಂದ 48.8ರ ತನಕ ಹಂತ ಹಂತವಾಗಿ.

ಗವರ್ನರ್ ಡ್ರೂಪ್, ಅಂದರೆ ಫ್ರೀಕ್ವೆನ್ಸಿ ಇಳಿದಾಗ ಮಷಿನ್ ತಾನಾಗಿ ಎಷ್ಟು ಜಾಸ್ತಿ ಕೊಡಬೇಕು ಅನ್ನೋ ಸೆಟ್ಟಿಂಗನ್ನು ನಾನು ಡಿಜಿ ಸೆಟ್ಟಿನಲ್ಲಿ ನೋಡಿದ್ದೆ. ಇಲ್ಲಿ ಅದೇ ಲೆಕ್ಕವನ್ನು ಶರಾವತಿಗೆ ಹಾಕಿಸಿದರು. ಡ್ರೂಪ್ ಶೇ. 5 ಅಂದರೆ 50 ಹರ್ಟ್ಜಿನಲ್ಲಿ 2.5 ಹರ್ಟ್ಜ್ ಬದಲಾವಣೆಗೆ ಮಷಿನಿನ ಪೂರ್ತಿ ಶಕ್ತಿಯಷ್ಟು ಬದಲಾವಣೆ. ಫ್ರೀಕ್ವೆನ್ಸಿ 0.1 ಇಳಿದರೆ ಶೇ. 4. 103.5 ಮೆಗಾವ್ಯಾಟ್ ಮಷಿನ್ ಒಂದು ತಾನಾಗಿಯೇ ಸುಮಾರು 4 ಮೆಗಾವ್ಯಾಟ್ ಜಾಸ್ತಿ ಕೊಡುತ್ತೆ. ಇಷ್ಟು ಸಣ್ಣದಾ ಅನ್ನಿಸಿತು. ದೇಶದ ಎಲ್ಲ ಮಷಿನೂ ಸೇರಿ ಹೀಗೆ ಒಂದಿಷ್ಟು ಒಂದಿಷ್ಟು ಕೊಟ್ಟರೇ ಅಲ್ವಾ ಗ್ರಿಡ್ ನಿಲ್ಲೋದು.

ಇದರ ಜೊತೆ ಎರಡು ಘಟನೆ ಹೇಳಿದರು. ಒಂದು 2012ರ ಜುಲೈ 30 ಮತ್ತು 31. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯದ ಗ್ರಿಡ್ಡು ಬಿದ್ದು 60 ಕೋಟಿಗೂ ಜಾಸ್ತಿ ಜನರಿಗೆ ಕರೆಂಟ್ ಇರಲಿಲ್ಲ. ಬೆಂಗಳೂರಿಗೆ ಏನೂ ಆಗಲಿಲ್ಲ, ಯಾಕೆಂದರೆ ಆಗಿನ್ನೂ ನಾವು ಉಳಿದ ದೇಶದ ಜೊತೆ ಎಸಿ ಲೈನಿನಲ್ಲಿ ಸೇರಿರಲಿಲ್ಲ, ತಾಲ್ಚೇರ್–ಕೋಲಾರದಂಥ ಡಿಸಿ ಕೊಂಡಿಗಳು ಮಾತ್ರ ಇದ್ದವು, ಆಚೆಯ ಫ್ರೀಕ್ವೆನ್ಸಿ ಬಿದ್ದರೆ ಈಚೆಯದನ್ನು ಅವು ಎಳೆದುಕೊಂಡು ಹೋಗಲ್ಲ. ಇನ್ನೊಂದು 2020ರ ಏಪ್ರಿಲ್ 5, ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿದ್ದು. ಬೇಡಿಕೆ 12–13 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ಅಂದಾಜಿತ್ತು. ಇಳಿದಿದ್ದು 31 ಸಾವಿರ. ಆಮೇಲೆ ಮತ್ತೆ ಏರಿತು. ಆ ಹೊತ್ತಿನಲ್ಲಿ ಕೈ ಹಿಡಿದಿದ್ದು ಜಲವಿದ್ಯುತ್, ಯಾಕೆಂದರೆ ನೀರಿನ ಮಷಿನನ್ನು ನಿಮಿಷಗಳಲ್ಲಿ ಇಳಿಸಿ ಏರಿಸಬಹುದು. ಕಲ್ಲಿದ್ದಲಿನ ಬಾಯ್ಲರಿಗೆ ಆ ಚುರುಕು ಇಲ್ಲ, ಮೇಲಾಗಿ ಶೇ. 55ಕ್ಕಿಂತ ಕೆಳಗೆ ಇಳಿಸೋದು ಕಷ್ಟ. ಮೇಷ್ಟ್ರು ಇದನ್ನು ಹೇಳುವಾಗ ಕುರ್ಚಿಯಿಂದ ಎದ್ದು ನಿಂತಿದ್ದರು.

ಕೊನೆಯ ಭಾನುವಾರದ ಆಟಕ್ಕೆ ಬರ್ತೀನಿ. ಕ್ಲಾಸನ್ನು ಗುಂಪು ಮಾಡಿದರು. ಪ್ರತಿ ಗುಂಪಿಗೂ ಒಂದು ಗ್ರಾಫ್ ಹಾಳೆ, ಅದರಲ್ಲಿ ದಿನದ 96 ಬ್ಲಾಕು. ಗ್ರಿಡ್ ಲೆಕ್ಕ ನಡೆಯೋದು 15 ನಿಮಿಷದ ಬ್ಲಾಕಿನಲ್ಲಿ, ಗಂಟೆಗೆ ನಾಲ್ಕು, ದಿನಕ್ಕೆ 96. ಆನಂದರಾವ್ ಸರ್ಕಲ್ ಹತ್ತಿರ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಸೆಂಟರ್ ಇದೆಯಲ್ಲ, ನಾವೆಲ್ಲ ಅದರ ಮುಂದೆ ನೂರು ಸಲ ಓಡಾಡಿದ್ದೀವಿ, ಒಳಗೆ ನಡೆಯೋದು ಇದೇ. ಸ್ಥಾವರಗಳ ಪಟ್ಟಿ, ಆಟಕ್ಕೆಂದು ಮೇಷ್ಟ್ರು ಬರೆದ ದರಗಳು, ಜಲಾಶಯದಲ್ಲಿ ಇವತ್ತಿಗೆ ಇಷ್ಟೇ ನೀರು ಅನ್ನೋ ಮಿತಿ ಕೊಟ್ಟರು. ಕಮ್ಮಿ ದರದ ಕರೆಂಟ್ ಮೊದಲು, ದುಬಾರಿ ಆಮೇಲೆ. ಇದಕ್ಕೆ ಮೆರಿಟ್ ಆರ್ಡರ್ ಅಂತಾರೆ. ಕೇಳೋಕೆ ಸುಲಭ. ಮಾಡೋಕೆ ಕೂತರೆ ಬೆವರು.

ಬೆಳಿಗ್ಗೆ ಬ್ಲಾಕುಗಳು ಸಲೀಸಾಗಿ ಹೋದವು. ಹನ್ನೊಂದರಿಂದ ಮೂರರ ತನಕ ಸೋಲಾರ್ ಇಷ್ಟು ಬರುತ್ತೆ ಅಂದರೆ ಥರ್ಮಲ್ ಯೂನಿಟ್ಟುಗಳನ್ನು ಕೆಳಗೆ ಒತ್ತಿ ಹಿಡೀಬೇಕು. 800ರ ಯೂನಿಟ್ಟನ್ನು 440ಕ್ಕಿಂತ ಕೆಳಗೆ ಇಳಿಸೋ ಹಾಗಿಲ್ಲ. ಪೂರ್ತಿ ನಿಲ್ಲಿಸಿದರೆ ಸಂಜೆಗೆ ಮತ್ತೆ ಕಾಯಿಸಿ ಎಬ್ಬಿಸೋದು ಆಗಲ್ಲ. ಪಂಪ್‌ಸೆಟ್ ಫೀಡರುಗಳನ್ನು ರಾತ್ರಿಯಿಂದ ಹಗಲಿಗೆ ತಂದಿದ್ದು ಯಾಕೆ ಅಂತ ಇಲ್ಲಿ ಅರ್ಥವಾಯಿತು: ಸೋಲಾರ್ ಇರುವ ಹೊತ್ತಿಗೆ ಲೋಡನ್ನೇ ಕರೆದುಕೊಂಡು ಬರೋದು. ರೈತರಿಗೆ ರಾತ್ರಿ ಹಾವು ಚೇಳಿನ ಮಧ್ಯೆ ಪಂಪು ಹಾಕೋ ಕಷ್ಟ ತಪ್ಪಿತು, ಗ್ರಿಡ್ಡಿಗೂ ಒಳ್ಳೇದಾಯಿತು. ಹಳ್ಳಿ ಮನೆಗಳ ಫೀಡರ್ ಬೇರೆ, ಪಂಪಿನ ಫೀಡರ್ ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆ ಇಲ್ಲದಿದ್ದರೆ ಇದು ಇಷ್ಟು ಸುಲಭ ಆಗ್ತಿರಲಿಲ್ಲ.

ಬ್ಲಾಕ್ 74. ಅಂದರೆ ಸಂಜೆ 6.15. ಸೋಲಾರ್ ಮುಳುಗ್ತಾ ಇದೆ, ಮನೆಮನೆಯಲ್ಲಿ ಲೈಟು ಬರ್ತಾ ಇದೆ. ಮೇಷ್ಟ್ರು ಗಂಟೆ ಹೊಡೆದು ‘800ರ ಒಂದು ಯೂನಿಟ್ ಟ್ರಿಪ್’ ಅಂದರು. ಪಕ್ಕದ ಗುಂಪಿನವರು ಮಧ್ಯಾಹ್ನವೇ ಅಗ್ಗದ ಕರೆಂಟ್ ಅಂತ ಶರಾವತಿ ನೀರನ್ನೆಲ್ಲ ಖರ್ಚು ಮಾಡಿಕೊಂಡಿದ್ದರು. ಅವರ ಹಾಳೆಯಲ್ಲಿ ಈಗ ಉಳಿದಿದ್ದು ಕರೆಂಟ್ ಕೊಳ್ಳುವ ಪೇಟೆ. ರಿಯಲ್ ಟೈಮ್ ಮಾರ್ಕೆಟ್ 2020ರ ಜೂನಿನಿಂದ ಇದೆ, ಅರ್ಧ ಗಂಟೆಗೊಂದು ಹರಾಜು. ಆದರೆ ಈಗ ಬಿಡ್ ಹಾಕಿದರೆ ಈ ಬ್ಲಾಕಿಗೇ ಕರೆಂಟ್ ಬರಲ್ಲ, ಮುಂದಿನ ಬ್ಲಾಕುಗಳಿಗೆ ಬರುತ್ತೆ. ಅಲ್ಲಿಯವರೆಗೆ? ಫೀಡರ್ ಕಟ್ ಮಾಡಬೇಕು. ಯಾವ ಊರು? ಅವರ ಗುಂಪಿನಲ್ಲಿ ತುಮಕೂರಿನವರು, ಹಾಸನದವರು ಇದ್ದರು, ಅಲ್ಲೇ ಜಗಳ ಶುರುವಾಯಿತು. ಎಲ್ಲ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ‘ಕಟ್ ಮಾಡಬೇಕಾದ ಊರುಗಳ ಪಟ್ಟಿ ನಾನು ನಿಜವಾಗಿ ಓದಿದ್ದೀನಿ, ಫೋನಿನಲ್ಲಿ’ ಅಂದರು, ಅಷ್ಟೇ.

ಇಷ್ಟು ಚೆನ್ನಾಗಿ ನಡೀತಿದ್ದ ಕೋರ್ಸು ವಿತರಣೆ ಭಾಗಕ್ಕೆ ಬಂದಾಗ ಸೊರಗಿತು. ಬೆಂಗಳೂರಿನಲ್ಲಿ ಈ ಕೋರ್ಸಿಗೆ ಬರುವ ಮುಕ್ಕಾಲು ಜನ ಕೆಲಸ ಮಾಡೋದು 11 ಕೆವಿ ಮತ್ತು ಅದರ ಕೆಳಗೆ. 66/11 ಕೆವಿ ಸ್ಟೇಷನ್, ಆರ್‌ಎಂಯು (ರಿಂಗ್ ಮೇನ್ ಯೂನಿಟ್, ಎರಡು ಕಡೆಯಿಂದ ಫೀಡ್ ಕೊಡಬಹುದಾದ ಸ್ವಿಚ್ ಪೆಟ್ಟಿಗೆ), ನೆಲದಡಿ ಕೇಬಲ್, ಬೀದಿಯ ಟಿಸಿ (ಟ್ರಾನ್ಸ್‌ಫಾರ್ಮರ್). ನಮಗೆ ಬೇಕಿದ್ದು ಅದು. ಅದಕ್ಕೆ ಇಟ್ಟಿದ್ದು ಒಂದೇ ಮಧ್ಯಾಹ್ನ, ಅದೂ ಊಟ ಆದ ಮೇಲೆ. ಪಾಠ ಮಾಡಿದವರು ಸ್ಲೈಡ್ ಓದಿದರು. ಆರ್‌ಎಂಯು ಒಂದರ ಫೋಟೊ ತೋರಿಸಿ ಇದರಿಂದ ರಿಂಗ್ ಮಾಡಬಹುದು ಅಂದರು. ಕೇಬಲ್ ಫಾಲ್ಟ್ ಆದಾಗ ಯಾವ ಸ್ವಿಚ್ ಮೊದಲು ಬಿಚ್ಚಬೇಕು, ಇನ್ನೊಂದು ಕಡೆಯಿಂದ ಫೀಡ್ ಕೊಟ್ಟರೆ ಆ ಫೀಡರ್ ಎರಡೂ ಲೋಡನ್ನು ತಡೆಯುತ್ತಾ, ಮಳೆಗಾಲದಲ್ಲಿ ರಸ್ತೆ ಅಗೆದವರು ಕೇಬಲ್ಲಿಗೆ ಗುದ್ದಲಿ ಹಾಕಿದಾಗ ನಿಜವಾಗಿ ಏನು ನಡೆಯುತ್ತೆ, ಇದ್ಯಾವುದೂ ಇಲ್ಲ. ಎನ್ ಮೈನಸ್ ಒನ್ ಅನ್ನೋ ನಿಯಮವನ್ನು, ಅಂದರೆ ಯಾವುದಾದರೂ ಒಂದು ಹೋದರೂ ಉಳಿದಿದ್ದು ಲೋಡ್ ತಾಳಬೇಕು ಅನ್ನೋದನ್ನು, 400 ಕೆವಿಯಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದರು! ನೆಲಮಂಗಲ, ಹೂಡಿ, ಸೋಮನಹಳ್ಳಿ, ಬಿಡದಿ ಸ್ಟೇಷನ್ನುಗಳನ್ನು ಊರಿನ ಸುತ್ತ ಬರೆದು, ಒಂದು ಲೈನ್ ಅಳಿಸಿ, ಈಗ ಉಳಿದಿದ್ದರ ಮೇಲೆ ಓವರ್‌ಲೋಡ್ ಬರ್ತದಾ ಅಂತ ಕೇಳಿದ್ದರು. ಊರೊಳಗೆ ಹೇಳಿಕೊಳ್ಳುವಂಥ ಉತ್ಪಾದನೆ ಅಂದರೆ ಯಲಹಂಕದ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರ ಮಾತ್ರ, ಮಿಕ್ಕಿದ್ದೆಲ್ಲ ದೂರದಿಂದ ಲೈನಿನ ಮೇಲೇ ಬರಬೇಕು ಅಂತ ಆಗ ಹೊಳೆದಿತ್ತು. ಅದೇ ಪ್ರಶ್ನೆಯನ್ನು ಒಂದು ಬಡಾವಣೆಯ 11 ಕೆವಿ ಫೀಡರಿಗೆ ಇಳಿಸಿ ಕೇಳಿದ್ದರೆ ನಮ್ಮಂಥವರಿಗೆ ಹಬ್ಬ ಆಗ್ತಿತ್ತು.

ಲ್ಯಾಬ್ ಇನ್ನೂ ಬೇಜಾರು. ಲೋಡ್ ಫ್ಲೋ ಸಾಫ್ಟ್‌ವೇರ್ ಕಲಿಸ್ತೀವಿ ಅಂತ ಬ್ರೋಷರಿನಲ್ಲಿ ದಪ್ಪ ಅಕ್ಷರ. ಹೋಗಿ ನೋಡಿದರೆ ಎರಡು ಕಂಪ್ಯೂಟರಿಗೆ ಮಾತ್ರ ಲೈಸೆನ್ಸ್. ಮಿಕ್ಕವರು ಹಿಂದೆ ನಿಂತು ಕತ್ತು ಉದ್ದ ಮಾಡಿ ನೋಡಬೇಕು. ಸ್ಲ್ಯಾಕ್ ಬಸ್ ಅಂದರೇನು, ನ್ಯೂಟನ್–ರಾಫ್ಸನ್ ಅನ್ನೋ ಲೆಕ್ಕದ ವಿಧಾನ ಯಾಕೆ ಕೆಲವು ಸಲ ಉತ್ತರಕ್ಕೆ ಬರದೆ ಒದ್ದಾಡುತ್ತೆ, ಇದನ್ನು ಕೈಯಿಂದ ಮಾಡಿ ನೋಡಬೇಕೇ ಹೊರತು ಇನ್ನೊಬ್ಬರ ಭುಜದ ಮೇಲಿಂದ ನೋಡಿದರೆ ತಲೆಗೆ ಹತ್ತಲ್ಲ. ಕೇಳಿದ್ದಕ್ಕೆ ಮುಂದಿನ ಬ್ಯಾಚಿಗೆ ಸರಿ ಮಾಡ್ತೀವಿ ಅಂದರು. ನಾವು ಫೀಸು ಕೊಟ್ಟಿದ್ದು ಈ ಬ್ಯಾಚಿಗೆ ಸ್ವಾಮಿ.

ಕೊಟ್ಟ ನೋಟ್ಸು ಜೆರಾಕ್ಸಿನ ಜೆರಾಕ್ಸು. ಕೆಲವು ಕಡೆ ಫ್ರೀಕ್ವೆನ್ಸಿ ಮಿತಿಗಳು ಹಳೇ ಕಾಲದವು, ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದಕ್ಕೂ ನೋಟ್ಸಿಗೂ ತಾಳೆಯೇ ಇಲ್ಲ. ಟ್ರಾನ್ಸ್‌ಮಿಷನ್ ಪ್ಲಾನಿಂಗ್ ಮ್ಯಾನುಯಲ್ 2023ರಲ್ಲಿ ಪರಿಷ್ಕರಣೆ ಆಗಿದೆ, ನೋಟ್ಸಿನಲ್ಲಿರೋದು 2013ರದ್ದು. ಸಾಫ್ಟ್ ಕಾಪಿ ಕೊಡಿ ಅಂದರೆ ಕಾಪಿರೈಟ್ ಅಂತಾರೆ. ಪ್ರೊಟೆಕ್ಷನ್ ಪಾಠವೂ ಓಟದಲ್ಲೇ ಮುಗೀತು. ರಿಲೇ ಕೋಆರ್ಡಿನೇಷನ್ ಬಗ್ಗೆ ಕಲಿಯಬೇಕು ಅಂತ ಬರುವವರು ಬೇರೆ ಕಡೆ ಹೋಗಿ.

ಬಿಲ್ಡಿಂಗಿನವರಿಗೆ ಉಪಯೋಗ ಆಗುವ ಒಂದೇ ಒಂದು ಪಾಠ ಇತ್ತು, ಅದು ಮಾತ್ರ ಚಿನ್ನ. ಡಿಮ್ಯಾಂಡ್ ಮತ್ತು ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಕಿಲೋವ್ಯಾಟಿನ ಪಾಲು). 800 ಕಿಲೋವ್ಯಾಟ್ ಲೋಡು 0.85 ಪವರ್ ಫ್ಯಾಕ್ಟರಿನಲ್ಲಿ ಸುಮಾರು 941 ಕೆವಿಎ. ಅದನ್ನೇ 0.95ಕ್ಕೆ ತಂದರೆ 842. ಅದಕ್ಕೆ ಬೇಕಾದ ಕೆಪಾಸಿಟರ್ 233 ಕೆವಿಎಆರ್ ಆಸುಪಾಸು. ಸುಮಾರು 100 ಕೆವಿಎ ಡಿಮ್ಯಾಂಡ್ ಉಳಿಯಿತು, ಟ್ರಾನ್ಸ್‌ಫಾರ್ಮರ್, ಕೇಬಲ್ ಎರಡಕ್ಕೂ ಆರಾಮ. ಮ್ಯಾಕ್ಸಿಮಮ್ ಡಿಮ್ಯಾಂಡ್ ಬಗ್ಗೆ ನಮ್ಮ ಹುಡುಗರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ: ಚಿಲ್ಲರ್ (ಬಿಲ್ಡಿಂಗ್ ಎಸಿಯ ದೊಡ್ಡ ಮಷಿನ್) ಸ್ಟಾರ್ಟ್ ಆಗುವಾಗಿನ ದೊಡ್ಡ ಕರೆಂಟೇ ಮೀಟರಿನಲ್ಲಿ ದಾಖಲಾಗುತ್ತೆ ಅಂತ. ಹಾಗಲ್ಲ. ಮೀಟರ್ ನೋಡೋದು ಒಂದು ಅವಧಿಯ ಸರಾಸರಿ. ಕೆಲವು ಸೆಕೆಂಡಿನ ಸ್ಟಾರ್ಟಿಂಗ್ ಕರೆಂಟ್ ಅದರಲ್ಲಿ ಕರಗಿಹೋಗುತ್ತೆ. ಎರಡು ಚಿಲ್ಲರ್ ಒಟ್ಟಿಗೆ ಕಾಲು ಗಂಟೆ ಫುಲ್ ಲೋಡಿನಲ್ಲಿ ಓಡಿದರೆ ಆಗ ಬಿಲ್ಲು ಏರೋದು. ಇನ್ನೊಂದು, ಟ್ರಾನ್ಸ್‌ಫಾರ್ಮರಿನ ಕಾಪರ್ ಲಾಸ್ (ತಾಮ್ರದ ಸುರುಳಿಯಲ್ಲಿ ಪೋಲಾಗೋ ಕರೆಂಟ್) ಲೋಡಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ. ಅರ್ಧ ಲೋಡಿಗೆ ಕಾಲು ಭಾಗ ಲಾಸು. ಆದರೆ ಐರನ್ ಲಾಸ್ (ಕಬ್ಬಿಣದ ತಿರುಳಿನಲ್ಲಿ ಪೋಲಾಗೋದು) ಲೋಡ್ ಇರಲಿ ಬಿಡಲಿ ಚಾರ್ಜ್ ಆಗಿದ್ದಷ್ಟು ಹೊತ್ತೂ ಇರುತ್ತೆ. ವಾರಾಂತ್ಯದಲ್ಲಿ ಖಾಲಿ ಬಿಲ್ಡಿಂಗಿಗೆ ಮೂರು ಟ್ರಾನ್ಸ್‌ಫಾರ್ಮರ್ ಯಾಕೆ ಆನ್ ಇರಬೇಕು ಅಂತ ನಮ್ಮ ಮ್ಯಾನೇಜರಿಗೆ ಒಂದು ಪುಟದ ನೋಟ್ ಕೊಟ್ಟಿದ್ದೇನೆ. ಮೇಲ್ ಓದಿದ್ದಾರೆ, ಉತ್ತರ ಬಂದಿಲ್ಲ.

ಒಂದು ತಮಾಷೆ. ಪೀಕ್ ಲೋಡ್ ಮ್ಯಾನೇಜ್‌ಮೆಂಟ್ ಪಾಠದ ಮಧ್ಯೆಯೇ ಕರೆಂಟ್ ಹೋಯ್ತು. ಮೇಷ್ಟ್ರಿಗೆ ಖುಷಿಯೋ ಖುಷಿ. ‘ಟೈಮ್ ನೋಡ್ರಪ್ಪ’ ಅಂತ ಕತ್ತಲಲ್ಲೇ ಕೂಗಿದರು. ಕೆಳಗೆ ಡಿಜಿ ಕೆಮ್ಮಿ ಎದ್ದು ಲೈಟ್ ಬಂದಾಗ ಫ್ರೀಕ್ವೆನ್ಸಿ ಮೀಟರಿನಲ್ಲಿ 51.3. ಗ್ರಿಡ್ಡಿನಿಂದ ಬೇರೆಯಾದ ಒಂಟಿ ಮಷಿನು ಲೋಡ್ ಕಮ್ಮಿ ಇದ್ದಾಗ ಹೇಗೆ ಓಡುತ್ತೆ ಅಂತ ಹತ್ತು ಸ್ಲೈಡ್ ಹಾಕಿದ್ದರೂ ಹೀಗೆ ಅರ್ಥ ಆಗ್ತಿರಲಿಲ್ಲ. ಎಸಿ ಆನ್ ಮಾಡಿಸಿದರು, ಅಂಕಿ 50.6ಕ್ಕೆ ಇಳಿಯಿತು. ಎಲ್ಲರೂ ಮೀಟರಿನ ಸುತ್ತ ಮುತ್ತಿಕೊಂಡಿದ್ದೆವು.

ಊಟದ ಬಗ್ಗೆ ಏನೂ ಹೇಳೋ ಹಾಗಿಲ್ಲ, ಒಂದು ವಾರ ಬಿಸಿಬೇಳೆಬಾತ್, ಒಂದು ವಾರ ಪಲಾವ್, ಜೊತೆಗೆ ಮೊಸರನ್ನ ಖಾಯಂ. ಕಾಫಿ ನೀರು. ಎದುರು ಗಲ್ಲಿಯಲ್ಲಿ ದರ್ಶಿನಿ ಇದೆ, ಬಚಾವ್. ಕಾರು ತರಬೇಡಿ, ನಿಲ್ಲಿಸೋಕೆ ಜಾಗ ಇಲ್ಲ. ಮೆಟ್ರೋದಲ್ಲಿ ಬಂದು ಸ್ವಲ್ಪ ನಡೆಯೋದೇ ಸರಿ. ಕ್ಲಾಸ್ ರೂಮು ಎರಡನೇ ಮಹಡಿ, ಲಿಫ್ಟ್ ಇಲ್ಲ.

ಕೊನೆಗೆ ಒಂದು ಪರೀಕ್ಷೆ ಇರುತ್ತೆ, ಪುಸ್ತಕ ನೋಡಿಕೊಂಡು ಬರೆಯಬಹುದು. ಸರ್ಟಿಫಿಕೇಟ್ ಕೊಡ್ತಾರೆ. ಅದರಿಂದ ಕೆಲಸ ಸಿಗುತ್ತೆ, ಸೂಪರ್‌ವೈಸರ್ ಲೈಸೆನ್ಸಿಗೆ ಅನುಕೂಲ ಆಗುತ್ತೆ ಅಂತ ರಿಸೆಪ್ಷನ್‌ನಲ್ಲಿ ಹೇಳಿದರೆ ನಂಬಬೇಡಿ. ಗೋಡೆಗೆ ಹಾಕಿಕೊಳ್ಳಬಹುದು, ಅಷ್ಟೇ.

ಯಾರು ಸೇರಬೇಕು ಅಂದರೆ, ಸೋಲಾರ್ ಅಥವಾ ಬ್ಯಾಟರಿ ಕಂಪನಿಗಳಲ್ಲಿ ಇರುವವರು ಖಂಡಿತ ಸೇರಿ. ನಿಮ್ಮ ಕಂಪನಿ ಮಾರೋ ಬ್ಯಾಟರಿ ಯಾವ ಬ್ಲಾಕಿನಲ್ಲಿ ದುಡಿಯುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಎಂಜಿನಿಯರಿಂಗ್ ಕೊನೆ ವರ್ಷದ ಮಕ್ಕಳು, ಕೆಪಿಟಿಸಿಎಲ್, ಎಸ್ಕಾಂ ಪರೀಕ್ಷೆಗೆ ಓದುವವರು ಸೇರಬಹುದು, ಆದರೆ ಪರೀಕ್ಷೆಯ ಪ್ರಶ್ನೆಗಳಿಗೆ ಅಂತ ಇದನ್ನು ಮಾಡಿಲ್ಲ. ವಿದ್ಯುತ್ ವಿಷಯ ಬರೆಯುವ ಪತ್ರಕರ್ತರು ಯಾರಾದರೂ ಇದ್ದರೆ ದಯವಿಟ್ಟು ಸೇರಿ, ಮೆಗಾವ್ಯಾಟಿಗೂ ಯೂನಿಟ್ಟಿಗೂ ವ್ಯತ್ಯಾಸ ತಿಳಿಯದೆ ಬರೆದ ಹೆಡ್‌ಲೈನ್ ಓದಿ ಓದಿ ಸಾಕಾಗಿದೆ. ನನ್ನಂಥ ಮೇಂಟೆನೆನ್ಸ್‌ನವರು ಅರ್ಧ ಕುತೂಹಲಕ್ಕೆ ಬನ್ನಿ, ಪೂರ್ತಿ ಉಪಯೋಗಕ್ಕೆ ಅಂತ ಬರಬೇಡಿ. ವೈರಿಂಗ್ ಕಂಟ್ರಾಕ್ಟರುಗಳಿಗೆ ಬೇಡ.

ನಾನು ಐದಕ್ಕೆ ಮೂರೂವರೆ ಕೊಡ್ತೀನಿ. ಡಿಸ್ಪ್ಯಾಚ್ ಮೇಷ್ಟ್ರಿಲ್ಲದ ಬ್ಯಾಚ್ ಆದರೆ ಎರಡು. ಹಾಗಾಗಿ ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ, ಈ ಸಲ ಅವರು ಬರ್ತಾರಾ, ಲ್ಯಾಬಿಗೆ ಎಷ್ಟು ಲೈಸೆನ್ಸ್ ಇದೆ, ಎರಡನ್ನೂ ಕೇಳಿ. ಫೀಸನ್ನು ಎರಡು ಕಂತಿನಲ್ಲಿ ಕಟ್ಟೋಕೆ ಒಪ್ಪುತ್ತಾರೆ, ಅವರಾಗಿ ಹೇಳಲ್ಲ, ನೀವೇ ಕೇಳಬೇಕು.